ಗಂಡಸರ ಗೆರೆ, ಹುಡುಗಿಯರ ಪಂದ್ಯ

ಕಬಡ್ಡಿಯಲ್ಲಿ ಅಂಪೈರ್ ಆದವರಿಗೆ ನೆಟ್ಟಗಿನ ಎರಡು ಕಣ್ಣು, ಊದುವುದಕ್ಕೆ ಒಂದು ವಿಷಲ್ ಇದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎಂದು ನನಗೆ ಈ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಆ ಸಂಜೆ ನನ್ನ ಹತ್ತಿರ ಎರಡೂ ಇದ್ದವು. ಏನು ಬಂತು ಭಾಗ್ಯ!

ನಾನು ಶಿಡ್ಲಘಟ್ಟದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಮಿಸ್. ರಜೆ ಸಿಕ್ಕಾಗ ಕಬಡ್ಡಿ ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತೇನೆ. ಆ ಸಲ ಹೋಗಿದ್ದು ಚಿಂತಾಮಣಿ ಹತ್ತಿರದ ಒಂದು ಮೈದಾನಕ್ಕೆ. ಬೆಳಗ್ಗೆಯಿಂದ ಗಂಡಸರ ಪಂದ್ಯಗಳು, ಸಂಜೆಗೆ ಜೂನಿಯರ್ ಹುಡುಗಿಯರ ಸೆಮಿಫೈನಲ್, ಮಾರನೇ ದಿನ ಫೈನಲ್. ಹುಡುಗಿಯರಿಗೆ ಫೈನಲ್‌ಗಿಂತ ಈ ಸೆಮಿಫೈನಲ್ಲೇ ಮುಖ್ಯ. ಫೈನಲ್ ತಲುಪಿದ ಎರಡು ತಂಡಗಳಿಂದಲೇ ಆಟಗಾರರನ್ನು ಆರಿಸಿ ರಾಜ್ಯ ಪಂದ್ಯಕ್ಕೆ ಜಿಲ್ಲೆಯ ತಂಡ ಕಟ್ಟುತ್ತಾರೆ. ಸೆಮಿಫೈನಲ್‌ನಲ್ಲಿ ಸೋತವರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಒಂದು ಕಡೆ ಗೌರಿಬಿದನೂರಿನ ತಂಡ. ಇನ್ನೊಂದು ಕಡೆ ಅಂಬಾಜಿದುರ್ಗದ ಬುಡದ ಹಳ್ಳಿಗಳ ಹುಡುಗಿಯರು. ಈ ಎರಡನೇ ತಂಡದಲ್ಲಿ ಎಡಗಡೆಯ ಮೂಲೆ ಕಾಯುವ ಒಬ್ಬಳಿದ್ದಳು. ಗಿಡ್ಡ ಹುಡುಗಿ, ಗಟ್ಟಿ ಕಾಲು, ಮಾತು ಕಡಿಮೆ. ಅವಳ ಆಟವನ್ನು ಮೂರು ವರ್ಷದಿಂದ ನೋಡಿದ್ದೆ. ಪಂದ್ಯಕ್ಕೆ ಮುಂಚೆ ಉಗುರು ಪರೀಕ್ಷೆ ಮಾಡುವುದು ಅಂಪೈರ್ ಕೆಲಸ, ಉದ್ದ ಉಗುರಿದ್ದರೆ ಎದುರಾಳಿಯ ಮೈ ಗೀಚುತ್ತದೆ. ಅವಳ ಕೈ ಹಿಡಿದು ನೋಡುತ್ತಿದ್ದಾಗ ಕೇಳಿದೆ.

“ಏನಮ್ಮಾ, ಕೈ ಇಷ್ಟು ತಣ್ಣಗೈತೆ? ಭಯಾನಾ?”

“ಭಯ ಅಲ್ಲ ಮಿಸ್. ಇದೇ ಲಾಸ್ಟ್ ಚಾನ್ಸು. ಈ ವರ್ಷಕ್ಕೆ ನಂದು ಜೂನಿಯರ್ ವಯಸ್ಸು ಮುಗೀತದೆ. ಸ್ಟೇಟ್ ಆಡಿದ್ರೆ ಪೊಲೀಸ್ ಸೆಲೆಕ್ಷನ್‌ಗೆ ಸ್ಪೋರ್ಟ್ಸ್ ಕೋಟಾದಾಗೆ ಹಾಕ್ಬೋದು. ಅಮ್ಮ ಮಂಡಿಗೆ ರಜಾ ಹಾಕಿ ಬಂದವ್ಳೆ, ನೋಡಿ ಅಲ್ಲಿ.”

ಟೊಮ್ಯಾಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸದ ಹೆಂಗಸು ಅವಳ ತಾಯಿ. ಹಗ್ಗದ ಆಚೆ, ಮೊದಲ ಸಾಲಿನಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಪಂದ್ಯ ಇನ್ನೂ ಶುರುವೇ ಆಗಿರಲಿಲ್ಲ.

ಈಗ ಗೆರೆಗಳ ವಿಷಯ ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ, ಇಡೀ ಕತೆ ನಿಂತಿರುವುದು ಈ ಸುಣ್ಣದ ಗೆರೆಗಳ ಮೇಲೆ. ಗಂಡಸರ ಅಂಕಣ ಹತ್ತು ಮೀಟರ್ ಅಗಲ, ಹುಡುಗಿಯರದು ಎಂಟು. ಎರಡರಲ್ಲೂ ಆ ಅಗಲದ ಒಳಗೇ ಅಕ್ಕಪಕ್ಕದಲ್ಲಿ ಒಂದೊಂದು ಮೀಟರ್ ಪಟ್ಟಿ ಬಿಟ್ಟಿರುತ್ತಾರೆ, ಅದಕ್ಕೆ ಲಾಬಿ ಅನ್ನುತ್ತೇವೆ. ರೈಡ್‌ಗೆ ಬಂದವಳು ಯಾರನ್ನಾದರೂ ಮುಟ್ಟುವ ತನಕ ಲಾಬಿಗೆ ಕಾಲಿಡುವಂತಿಲ್ಲ. ಮುಟ್ಟಿದ ಮೇಲೆ ಲಾಬಿಯೂ ಅಂಕಣವೇ, ಓಡಾಡಬಹುದು. ಲಾಬಿಯನ್ನೂ ದಾಟಿ ಹೊರಗಿನ ಗೆರೆಯಾಚೆ ಕಾಲಿಟ್ಟರೆ ಮಾತ್ರ ಯಾವಾಗಲೂ ಔಟ್.

ಒಂದೇ ಮೈದಾನದಲ್ಲಿ ಎರಡೂ ಪಂದ್ಯ ಆಡಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಗಂಡಸರಿಗೆ ಯಾವುದು ಲಾಬಿಯ ಒಳಗೆರೆಯೋ ಹುಡುಗಿಯರಿಗೆ ಅದೇ ಕಟ್ಟಕಡೆಯ ಗೆರೆ. ಅದೇ ಜಾಗ, ಅದೇ ಸುಣ್ಣ. ಅದನ್ನು ದಾಟಿದ ಗಂಡಸು ಲಾಬಿಯಲ್ಲಿದ್ದಾನೆ, ಹುಡುಗಿ ಔಟಾಗಿದ್ದಾಳೆ. ನಮ್ಮ ಕಡೆ ಆಯೋಜಕರು ಇದನ್ನು ಉಳಿತಾಯ ಅಂದುಕೊಂಡಿದ್ದಾರೆ. ಆ ಗೆರೆಯನ್ನು ಹಾಗೇ ಬಿಟ್ಟು, ಒಳಗೊಂದು ಹೊಸ ಗೆರೆ ಎಳೆದು, ಗಂಡಸರ ಹೊರಗೆರೆಗೆ ಎರಡು ಬಿಂದಿಗೆ ನೀರು ಹಾಕಿ ಪೊರಕೆ ಆಡಿಸಿಬಿಡುತ್ತಾರೆ. ಕೆಂಪು ಮಣ್ಣಿಗೆ ಬೆರೆತ ಸುಣ್ಣ ಪೊರಕೆಗೆ ಹೋಗುತ್ತದಾ? ಒದ್ದೆ ಇರುವಾಗ ಮಾಯ, ಒಣಗುತ್ತಾ ಬಂದ ಹಾಗೆ ಬೆಳ್ಳಗೆ ಎದ್ದು ಕೂರುತ್ತದೆ.

ಆ ಸಂಜೆಯೂ ಹಾಗೇ ಆಯಿತು. ನಾನು ರೆಫರಿ ಹತ್ತಿರ ಹೋದೆ. ಕಬಡ್ಡಿಯಲ್ಲಿ ಅಂಪೈರ್‌ಗಳು ಇಬ್ಬರು, ಅಂಕಣದ ಎರಡು ಪಕ್ಕಕ್ಕೆ ಒಬ್ಬೊಬ್ಬರು. ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ತೀರ್ಪು ರೆಫರಿಯದು.

“ಸಾರ್, ಪಕ್ಕದಲ್ಲಿ ಮೂರು ಮೂರು ಗೆರೆ ಕಾಣ್ತಾ ಐತೆ. ಹೊರಗಿಂದರ ಮೇಲೆ ನಾಲ್ಕು ಬಾಂಡ್ಲಿ ಮಣ್ಣಾದ್ರೂ ಹಾಕಿಸಿ.”

“ಹೊತ್ತು ಮುಳುಗ್ತಾ ಐತಮ್ಮಾ. ಆಡಿಸೋರೆಲ್ಲ ಹಳಬ್ರೇ ತಾನೆ? ಯಾವ ಗೆರೆ ಯಾರದು ಅಂತ ಗೊತ್ತಿರಲ್ವಾ?”

ಹಳಬರು ಅಂದಿದ್ದು ಎದುರು ಪಕ್ಕದ ಅಂಪೈರ್‌ಗೆ. ಅವರು ಚಿಕ್ಕಬಳ್ಳಾಪುರದವರು. ನನ್ನ ಕೈಗೆ ಮೊದಲು ವಿಷಲ್ ಕೊಟ್ಟವರು, ಎರಡು ಕಣ್ಣಿನ ಮಾತು ಹೇಳಿದವರು ಅವರೇ. ಆವತ್ತು ಬೆಳಗ್ಗೆಯಿಂದ ಗಂಡಸರ ಪಂದ್ಯಗಳನ್ನು ಒಂದರ ಹಿಂದೊಂದು ಆಡಿಸಿ, ಕೂತು ಊಟ ಮಾಡದೆ, ನೇರ ಈ ಪಂದ್ಯಕ್ಕೆ ನಿಂತಿದ್ದರು. ಬೇರೆಯವರನ್ನು ಹಾಕೋಣ ಅಂದರೆ ಆವತ್ತು ಬೇರೆಯವರು ಇರಲಿಲ್ಲ.

ಪಂದ್ಯ ಮಾತ್ರ ಚೆನ್ನಾಗಿತ್ತು. ಗೌರಿಬಿದನೂರಿನ ರೈಡರ್ ಎತ್ತರದ ಹುಡುಗಿ, ಹಾವಿನ ಹಾಗೆ ಬಳುಕಿ ನುಸುಳುತ್ತಿದ್ದಳು. ನಮ್ಮ ಮೂಲೆಯ ಹುಡುಗಿ ಅವಳ ಕಾಲನ್ನು ಎರಡು ಸಲ ಹಿಡಿದು ಕೂರಿಸಿದಳು. ಜನ ಹಗ್ಗ ತಳ್ಳಿಕೊಂಡು ಮುಂದೆ ಮುಂದೆ ಬಂದರು. ಕೊನೆಯ ರೈಡ್ ಹೊತ್ತಿಗೆ ಅಂಬಾಜಿದುರ್ಗದವರು ಒಂದು ಅಂಕ ಮುಂದಿದ್ದರು. ಗೌರಿಬಿದನೂರಿನವರು ಒಂದು ಅಂಕ ತಂದರೆ ಸಮ, ಎರಡು ತಂದರೆ ಗೆಲುವು, ರೈಡರ್ ಔಟಾದರೆ ಸೋಲು. ಲೆಕ್ಕ ಮೈದಾನದಲ್ಲಿದ್ದ ಎಲ್ಲರ ಬಾಯಲ್ಲೂ ಇತ್ತು.

ಎತ್ತರದ ಹುಡುಗಿ ಬಂದಳು. ಬಲಗಡೆ ಒಬ್ಬಳ ಭುಜ ತಟ್ಟಿದಳು, ತಿರುಗುವಾಗ ಇನ್ನೊಬ್ಬಳ ಬೆನ್ನು ಸವರಿದಳು. ಎರಡೂ ಸ್ಪಷ್ಟ ಮುಟ್ಟು, ಅದರಲ್ಲಿ ತಕರಾರಿಲ್ಲ. ಇನ್ನು ಮಧ್ಯದ ಗೆರೆಗೆ ವಾಪಸ್ ಹೋಗಬೇಕು. ಆಗ ನಮ್ಮ ಮೂಲೆಯವಳು ನುಗ್ಗಿ ದಾರಿಗೆ ಅಡ್ಡ ನಿಂತಳು. ತಳ್ಳಲಿಲ್ಲ. ಕೈಯನ್ನೂ ಎತ್ತಲಿಲ್ಲ. ತಳ್ಳಿ ಹೊರಗೆ ಹಾಕಿದರೆ ತನ್ನದೇ ತಪ್ಪಾಗುತ್ತದೆ ಎಂದು ಅವಳಿಗೆ ಗೊತ್ತು. ಸುಮ್ಮನೆ ಗೋಡೆ ಹಾಗೆ ನಿಂತಳು. ಎತ್ತರದವಳು ಅವಳನ್ನು ಬಳಸಿಕೊಂಡು ಪಕ್ಕದಿಂದ ಓಡಿದಳು, ಓಡುವಾಗ ಅವಳ ಬಲಗಾಲು ಹುಡುಗಿಯರ ಕಟ್ಟಕಡೆಯ ಗೆರೆಯ ಆಚೆ ಪೂರ್ತಿ ಊರಿತು. ನೀರು ಹಾಕಿದ್ದ ಮಣ್ಣು ಇನ್ನೂ ಹಸಿ. ಐದೂ ಬೆರಳು ಅಚ್ಚೊತ್ತಿದಂತೆ ಮೂಡಿದವು.

ನಾನು ಎದುರು ಪಕ್ಕದಲ್ಲಿ ನಿಂತು ನೇರವಾಗಿ ನೋಡಿದೆ. ವಿಷಲ್ ಊದಿ ಔಟ್ ಎಂದು ಕೈ ಎತ್ತಿದೆ. ಅದೇ ಕ್ಷಣಕ್ಕೆ ಹಿರಿಯರೂ ಊದಿದರು. ಅವರ ಕೈ ಗೌರಿಬಿದನೂರಿನ ಕಡೆ ಚಾಚಿತ್ತು, ಎರಡು ಬೆರಳು ಎದ್ದಿದ್ದವು.

ನಾನು ಅಂಕಣ ದಾಟಿ ಅವರ ಹತ್ತಿರ ಓಡಿದೆ.

“ಸಾರ್, ಔಟು! ಕಾಲು ಆಚೆ ಐತೆ ನೋಡಿ!”

“ಎರಡು ಟಚ್ ಆಗೈತಲ್ಲಮ್ಮಾ. ಲಾಬಿ ಓಪನ್. ಲಾಬಿಲಿ ಕಾಲಿಟ್ರೆ ಯಾವ ಔಟು?”

“ಇದು ಹುಡ್ಗೀರ ಮ್ಯಾಚು ಸಾರ್! ಈ ಗೆರೆ ಆಚೆ ಲಾಬಿ ಎಲ್ಲೈತೆ?”

ಅವರ ಕಣ್ಣು ನೆಲಕ್ಕೆ ಹೋಯಿತು. ಗೆರೆ ನೋಡಿದರು, ಆಚೆ ಒಣಗಿ ಬೆಳ್ಳಗಾಗುತ್ತಿದ್ದ ಗಂಡಸರ ಗೆರೆ ನೋಡಿದರು, ನಡುವೆ ಇದ್ದ ಹೆಜ್ಜೆ ನೋಡಿದರು. ಮುಖದ ಬಣ್ಣ ಇಳಿದಿದ್ದನ್ನು ನಾನು ಕಂಡೆ. ಅವರಿಗೆ ಗೊತ್ತಾಯಿತು. ಇನ್ನೇನು ಕೈ ಇಳಿಸುತ್ತಾರೆ ಅಂದುಕೊಂಡೆ.

ಅಷ್ಟರಲ್ಲಿ ಹಗ್ಗ ಕಿತ್ತುಬಂತು. ಗೌರಿಬಿದನೂರಿನವರು ಕುಣಿಯುತ್ತಾ ನುಗ್ಗಿದರು, ಈ ಕಡೆಯವರು ಕೂಗಾಡುತ್ತಾ ನುಗ್ಗಿದರು. “ಹೆಜ್ಜೆ ತುಳೀಬೇಡ್ರೋ! ಆಚೆ ನಿಲ್ರೋ!” ಎಂದು ನಾನು ಕೈ ಅಗಲಿಸಿ ಬಾಯಿ ಬಡಕೊಂಡೆ. ಯಾರು ಕೇಳುತ್ತಾರೆ? ಚಪ್ಪಲಿ ಕಾಲು, ಬೂಟು ಕಾಲು, ಬರಿಗಾಲು. ಐದು ಬೆರಳಿನ ಆ ಗುರುತು ನನ್ನ ಕಣ್ಣ ಮುಂದೆಯೇ ಮಣ್ಣುಪಾಲಾಯಿತು.

ರೆಫರಿ ಜನರ ನಡುವೆ ದಾರಿ ಮಾಡಿಕೊಂಡು ಬರುವ ಹೊತ್ತಿಗೆ ಹಿರಿಯರ ಮಾತು ಬದಲಾಗಿತ್ತು.

“ನಾನು ಪಕ್ಕದಲ್ಲೇ ನಿಂತಿದ್ದೆ. ಕಾಲು ಗೆರೆ ಒಳಗೇ ಬಿತ್ತು. ಔಟಿಲ್ಲ.”

“ಲಾಬಿ ಓಪನ್ ಅಂದ್ರಲ್ಲಾ ಸಾರ್ ನನ್ ಹತ್ರ, ಈಗ ತಾನೇ?”

“ನಾನೆಲ್ಲಮ್ಮಾ ಹಂಗಂದೆ?”

ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಇಷ್ಟು ವರ್ಷ ಅವರ ಬಾಯಿಂದ ಒಂದು ಸುಳ್ಳು ಕೇಳಿದವಳಲ್ಲ ನಾನು. ಮೊದಲು ಮಾಡಿದ್ದು ಕಣ್ಣಿನ ತಪ್ಪು, ಆಯಾಸದ ತಪ್ಪು, ಬೆಳಗ್ಗೆಯಿಂದ ಗಂಡಸರ ಗೆರೆ ನೋಡಿದ ಯಾರಿಗಾದರೂ ಆಗುವಂಥದು. ಇದು ಆ ಜಾತಿಗೆ ಸೇರಿದ್ದಲ್ಲ.

“ಟೇಪ್ ತರಿಸಿ ಸಾರ್, ಅಳೀರಿ” ಎಂದೆ ರೆಫರಿಗೆ. ಟೇಪು ಆಯೋಜಕರೊಬ್ಬರ ಕಾರಿನಲ್ಲಿತ್ತು, ಅವರು ಬೀಗದ ಕೈ ಸಮೇತ ಟೀ ಕುಡಿಯಲು ಹೋಗಿದ್ದರು. ಟೇಪು ಬಂತು. ಅಳೆದರು. ಗೆರೆ ಎಂಟು ಮೀಟರಿಗೇ ಇತ್ತು. ಇದ್ದು ಏನು ಮಾಡುವುದು? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅಳೆಯಲು ಗೆರೆ ಇತ್ತು, ಹೆಜ್ಜೆ ಇರಲಿಲ್ಲ.

ಯಾರೋ ಫೋನ್ ಹಿಡಿದುಕೊಂಡು ಬಂದರು. ವಿಡಿಯೋದಲ್ಲಿ ಕಾಲು ಕಾಣುತ್ತದೆ, ಗೆರೆಯೂ ಕಾಣುತ್ತದೆ. ನಾನು ರೆಫರಿಯ ಮುಂದೆ ಹಿಡಿದೆ. ಅವರು ಮುಖ ತಿರುಗಿಸಿದರು.

“ಈ ಟೂರ್ನಮೆಂಟ್ ರೂಲ್ಸಲ್ಲಿ ವಿಡಿಯೋ ಇಲ್ಲಮ್ಮಾ. ಇದೊಂದು ನೋಡಿದ್ರೆ ಬೆಳಗ್ಗೆಯಿಂದ ಸೋತೋರೆಲ್ಲ ಒಂದೊಂದು ಫೋನ್ ಹಿಡ್ಕೊಂಡು ಬರ್ತಾರೆ. ಇಬ್ರು ಅಂಪೈರ್ ಎರಡು ಥರ ಹೇಳ್ತಾ ಇದೀರ. ಹತ್ತಿರ ಇದ್ದೋರ ಮಾತು ತಗೊಳ್ದೆ ಇನ್ನೇನು ಮಾಡ್ಲಿ?”

ಅವರನ್ನು ಬೈಯಲೂ ನನಗೆ ಆಗುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹತ್ತಿರ ನಿಂತವರ ಮಾತನ್ನೇ ತೆಗೆದುಕೊಳ್ಳುತ್ತಿದ್ದೆನೇನೋ. ಗೌರಿಬಿದನೂರು ಒಂದು ಅಂಕದಿಂದ ಗೆದ್ದಿದೆ ಎಂದು ಮೈಕಿನಲ್ಲಿ ಕೂಗಿದರು.

ಮೂಲೆಯ ಹುಡುಗಿ ಅಲ್ಲೇ ಗೆರೆಯ ಹತ್ತಿರ ನಿಂತಿದ್ದಳು. ಜೊತೆಯವರೆಲ್ಲ ಅಳುತ್ತಿದ್ದರು, ಅವಳು ಅಳಲಿಲ್ಲ. ಅವಳ ತಾಯಿ ಮಾತ್ರ ಜನರನ್ನು ಸೀಳಿಕೊಂಡು ಬಂದು ನನ್ನ ರಟ್ಟೆ ಹಿಡಿದು, ಮನೆಮಾತು ತೆಲುಗು ಬೆರೆಸಿ ಕೇಳಿದಳು.

“ಏಮಮ್ಮಾ, ನುವ್ವು ಚೂಸ್ತಿವಿ ಗದಾ? ನೋಡಿದೆ ತಾನೇ ನೀನು?”

“ನೋಡ್ದೆನಮ್ಮಾ.”

“ನೋಡಿದ್ಮೇಲೆ ಹೇಳು ಮತ್ತೆ!”

“ಹೇಳ್ದೆನಮ್ಮಾ.”

ಅವಳು ನನ್ನ ಮುಖವನ್ನೇ ನೋಡಿದಳು. ನೋಡಿದವಳು ಹೇಳಿದ ಮೇಲೂ ಏನೂ ಆಗದಿರುವುದು ಹೇಗೆ ಎಂದು ಅವಳಿಗೆ ಅರ್ಥವಾಗಲಿಲ್ಲ. ನನಗೂ ಆಗಿರಲಿಲ್ಲ. ರಟ್ಟೆ ಬಿಟ್ಟು ಮಗಳ ಕಡೆ ಹೋದಳು.

ಆಮೇಲೆ ಸ್ಕೋರ್ ಶೀಟು ಬಂತು. ಅಂಪೈರ್‌ಗಳು ಸಹಿ ಹಾಕಬೇಕು. ಅದು ಬರುವ ಮುಂಚೆಯೇ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ: ಹಾಕುವುದಿಲ್ಲ. ನನ್ನ ಸಹಿ ಇಲ್ಲದೆ ಫಲಿತಾಂಶ ಮುಂದಕ್ಕೆ ಹೋಗುವುದಿಲ್ಲ, ಮತ್ತೆ ಆಡಿಸಲೇಬೇಕಾಗುತ್ತದೆ ಎಂದು ನನ್ನ ಲೆಕ್ಕ. ಮುಂದೆ ಯಾರೂ ನನ್ನನ್ನು ಪಂದ್ಯಕ್ಕೆ ಕರೆಯದಿದ್ದರೂ ಚಿಂತೆ ಇಲ್ಲ ಅನ್ನಿಸಿತ್ತು. ದನಿ ಗಟ್ಟಿ ಮಾಡಿ, “ನಾನು ಸಹಿ ಮಾಡಲ್ಲ ಸಾರ್” ಎಂದೆ.

ರೆಫರಿ ತಲೆ ಕೂಡ ಎತ್ತಲಿಲ್ಲ.

“ಬೇಡ ಬಿಡಮ್ಮಾ. ನಂದು ಐತೆ, ಅವ್ರದು ಐತೆ. ಸಾಕು.”

ಮುಗಿಯಿತು. ನನ್ನ ದೊಡ್ಡ ತೀರ್ಮಾನದ ಬೆಲೆ ಅಷ್ಟೇ. ಜಗಳಕ್ಕಾದರೂ ನಿಲ್ಲುತ್ತಾರೆ, ಎಗರಾಡುತ್ತಾರೆ, ನಾನೂ ನಾಲ್ಕು ಮಾತಾಡಬಹುದು ಅಂದುಕೊಂಡಿದ್ದೆ. ಅದೂ ಇಲ್ಲ. ಖಾಲಿ ಬಿಟ್ಟ ಜಾಗದ ಮೇಲೆ ಯಾರೋ ಟೀ ಲೋಟ ಇಟ್ಟರು. ಸಿಟ್ಟಿಗೆ ಅಳು ಬಂತು, ನಲ್ಲಿ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ಹಿರಿಯರು ಅಲ್ಲಿಗೇ ಬಂದರು. ಕಾಲಿಗೆ ನೀರು ಬಿಟ್ಟುಕೊಂಡರು.

“ಗೆರೆ ತಪ್ಪಿ ನೋಡಿದ್ನಮ್ಮಾ” ಎಂದರು ಮೆಲ್ಲಗೆ.

“ಅದನ್ನ ಅಲ್ಲಿ ಹೋಗಿ ಹೇಳಿ ಸಾರ್. ಇನ್ನೂ ಹೊತ್ತಾಗಿಲ್ಲ. ನಾನೂ ಬರ್ತೀನಿ ಜೊತೇಲಿ.”

“ಹೆಂಗಮ್ಮಾ ಹೇಳಲಿ? ಆ ಜನ ನೋಡ್ದಲ್ಲ? ಈಗ ಹೋಗಿ ತಪ್ಪಾಯ್ತು ಅಂದ್ರೆ ಬೆಳಗ್ಗೆಯಿಂದ ಕೊಟ್ಟ ಡಿಸಿಷನ್‌ಗಳೆಲ್ಲ ತಪ್ಪು ಅಂತಾರೆ. ಗೌರಿಬಿದನೂರಿನೋರು ಬಿಡ್ತಾರಾ? ಆ ಮಕ್ಕಳೂ ಗೆದ್ವಿ ಅಂತ ಕುಣೀತಾವೆ. ಅವ್ರಿಂದ ಕಿತ್ಕೊಳ್ಳೋದು ಹೆಂಗೆ?”

“ಇವ್ರಿಂದ ಕಿತ್ಕೊಂಡ್ವಲ್ಲ ಸಾರ್.”

ಅವರು ಟವೆಲಿನಿಂದ ಕಾಲು ಒರೆಸಿಕೊಂಡು ಹೊರಟುಹೋದರು. ನಾನೊಬ್ಬಳೇ ಹೋಗಿ ರೆಫರಿಗೆ ಇದನ್ನೂ ಹೇಳಿದೆ. “ಅವ್ರೇ ಬಂದು ಹೇಳ್ಲಿ” ಅಂದರು. ಅವರು ಬರಲಿಲ್ಲ. ಆ ರಾತ್ರಿ ವಿಡಿಯೋ ಎಲ್ಲರ ಸ್ಟೇಟಸ್ಸಿನಲ್ಲಿ ಹಾಡು ಸೇರಿಸಿಕೊಂಡು ಓಡಾಡಿತು. ನನ್ನ ಫೋನಿಗೂ ನಾಲ್ಕಾರು ಕಡೆಯಿಂದ ಬಂತು, ‘ಮೇಡಂ ಇದು ಔಟಾ?’ ಎಂದು. ಊರಿಗೆಲ್ಲ ಕಾಣುತ್ತಿತ್ತು.

ಮಾರನೇ ದಿನ ಫೈನಲ್‌ಗೆ ನನ್ನನ್ನು ಅಂಪೈರ್ ಸ್ಥಾನದಿಂದ ತೆಗೆದು ಟೈಮ್ ನೋಡುವ ಮೇಜಿಗೆ ಹಾಕಿದ್ದರು. ಅದಕ್ಕೆ ಮುಂಚೆ ಗೆರೆ ಹಾಕಿಸುವ ಕೆಲಸವೂ ನಿನ್ನದೇ ಅಂದರು. ಆ ಪಂದ್ಯಾವಳಿಯಲ್ಲಿ ಹಿಂದಿನಿಂದ ಬಂದ ಒಂದು ರೂಢಿ ಇದೆ: ಕೊನೆಯ ಸೆಮಿಫೈನಲ್‌ನಲ್ಲಿ ಸೋತ ತಂಡದವರು ಫೈನಲ್‌ಗೆ ಗೆರೆ ಹಾಕಿಕೊಡಬೇಕು. ಸೋಲು ಗೆಲುವು ಒಂದೇ ಎಂದು ತೋರಿಸಲು ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದು. ಈ ಸಲ ಯಾರೂ ಬರುವುದಿಲ್ಲ, ಬರಲೂಬಾರದು ಅಂದುಕೊಂಡು ಸುಣ್ಣದ ಚೀಲ ನಾನೇ ಬಿಚ್ಚಿದೆ.

ಅವಳು ಬಂದಳು. ಜೊತೆಗೆ ಇನ್ನಿಬ್ಬರು ಹುಡುಗಿಯರು.

“ಯಾಕಮ್ಮಾ ಬಂದೆ? ನಾನ್ ಹಾಕ್ಸ್ತಿದ್ನಲ್ಲ.”

“ಬರ್ಲಿಲ್ಲ ಅಂದ್ರೆ ಸೋತಿದ್ದಕ್ಕೆ ಮುನಿಸ್ಕೊಂಡ್ರು ಅಂತಾರೆ ಮಿಸ್.”

ಅವಳು ಮೊದಲು ಸುಣ್ಣ ಮುಟ್ಟಲಿಲ್ಲ. ಮೈದಾನದ ಮೂಲೆಯಿಂದ ಬಾಂಡ್ಲಿಯಲ್ಲಿ ಕೆಂಪು ಮಣ್ಣು ಹೊತ್ತು ತಂದು, ಗಂಡಸರ ಹೊರಗೆರೆಯ ಮೇಲೆ ಉದ್ದಕ್ಕೂ ಸುರಿದಳು. ಕಾಲಿನಿಂದ ತುಳಿದು ತುಳಿದು ಒತ್ತಿದಳು. ನಾನು ಹಿಂದಿನ ದಿನ ನಾಲ್ಕು ಬಾಂಡ್ಲಿ ಕೇಳಿದ್ದೆ, ಅಷ್ಟರಲ್ಲೇ ಒಂದು ಪಕ್ಕ ಮುಗಿಯಿತು. ಆಮೇಲೆ ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು. ಹಗ್ಗ ಎಳೆದು ಕಟ್ಟಿದಳು, ಹಗ್ಗದ ಗುಂಟ ಡಬ್ಬದಿಂದ ಸುಣ್ಣ ಉದುರಿಸುತ್ತಾ ಬಗ್ಗಿ ಬಗ್ಗಿ ನಡೆದಳು. ಅಂಥ ನೇರ ಗೆರೆಯನ್ನು ನಾನು ಆ ಮೈದಾನದಲ್ಲಿ ಯಾವತ್ತೂ ನೋಡಿರಲಿಲ್ಲ.

ಹಿರಿಯರು ವಿಷಲ್ ಕೊರಳಿಗೆ ಹಾಕಿಕೊಂಡು ಬಂದರು. ಅವಳನ್ನು ನೋಡಿ ನಿಂತರು. ಏನಾದರೂ ಒಳ್ಳೆಯ ಮಾತು ಆಡಬೇಕು ಅನ್ನಿಸಿರಬೇಕು.

“ಚೆನ್ನಾಗಿ ಆಡ್ತೀಯಮ್ಮಾ ನೀನು. ಬೇಜಾರ್ ಮಾಡ್ಕೋಬೇಡ. ಮುಂದಿನ ವರ್ಷ ಐತಲ್ಲ.”

“ಮುಂದಿನ ವರ್ಷ ನಂಗೆ ವಯಸ್ಸು ದಾಟುತ್ತೆ ಸಾರ್” ಎಂದಳು ಅವಳು, ಡಬ್ಬ ತಟ್ಟುತ್ತಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿದ್ದಕ್ಕೆ ಹೇಳಿದಳು, ಅಷ್ಟೇ. ಅವರು ತಮ್ಮ ಜಾಗಕ್ಕೆ ಹೋಗಿ ನಿಂತರು.

ಫೈನಲ್ ಶುರುವಾಯಿತು. ಟೈಮ್ ನೋಡುವವರು ಗಡಿಯಾರ ಬಿಟ್ಟು ಬೇರೇನೂ ಮಾಡುವಂತಿಲ್ಲ. ಅವಳು ನನ್ನ ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು, ಮೊಣಕೈ ತನಕ ಸುಣ್ಣ. ಗೌರಿಬಿದನೂರಿನ ಅದೇ ಎತ್ತರದ ಹುಡುಗಿ ರೈಡ್‌ಗೆ ಬಂದಳು. ಒಬ್ಬಳನ್ನು ಮುಟ್ಟಿದಳು, ತಪ್ಪಿಸಿಕೊಂಡು ಪಕ್ಕದಿಂದ ಓಡಿದಳು. ಅದೇ ಪಕ್ಕ, ಹೆಚ್ಚುಕಡಿಮೆ ಅದೇ ಜಾಗ, ಅದೇ ಬಲಗಾಲು. ಹಿರಿಯರು ಕಣ್ಣು ಮಿಟುಕಿಸುವಷ್ಟೂ ತಡ ಮಾಡಲಿಲ್ಲ. ವಿಷಲ್ ಊದಿದರು, ಕೈ ಎತ್ತಿದರು. ಔಟ್.

ಜನ ಯಾರೂ ಗಲಾಟೆ ಮಾಡಲಿಲ್ಲ. ಎತ್ತರದ ಹುಡುಗಿಯೂ ತಲೆ ತಗ್ಗಿಸಿಕೊಂಡು ಹೊರಗೆ ನಡೆದಳು. ನಾನು ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ, ಗಡಿಯಾರವನ್ನೇ ನೋಡುತ್ತಾ ಕೂತೆ.

“ಔಟೇ ಮಿಸ್” ಎಂದಳು ಅವಳು. “ಸರಿಯಾಗಿ ಕೊಟ್ರು.”

ಕೈಯ ಸುಣ್ಣವನ್ನು ಲಂಗಕ್ಕೆ ಒರೆಸಿಕೊಂಡು ಎದ್ದು, ಅಮ್ಮ ಮಂಡಿಯಿಂದ ಬರುವ ಹೊತ್ತಾಯಿತು ಎಂದು ಹೇಳಿ ಬಸ್ಸಿಗೆ ಹೋದಳು.